ಹಂಡೆ ಉಳಿಸಿ ತಂದ ಮಣ್ಣು

ಆವತ್ತು ಹಿತ್ತಲಲ್ಲಿ ನಾವು ನಾಲ್ಕು ಜನ ಇದ್ದೆವು. ನಾನು, ನಮ್ಮ ಯಜಮಾನರು, ಶಿವಾಜಿನಗರದಿಂದ ಮೂರು ಚಕ್ರದ ಗಾಡಿ ತಂದಿದ್ದ ಗುಜರಿ ಸಾಹೇಬರು, ಮತ್ತೆ ತಮ್ಮ ಕೋಣೆಯ ಹಿಂಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಮ್ಮತ್ತೆ. ಕೂತಿದ್ದರು ಅಂದರೆ ಸರಿಯಾಗುವುದಿಲ್ಲ, ಕೂರಿಸಿದ್ದೆವು. ಮಂಚದಿಂದ ಆ ಬಾಗಿಲಿಗೆ ಏಳು ಹೆಜ್ಜೆ. ಆ ಏಳು ಹೆಜ್ಜೆಗೆ ನಾವಿಬ್ಬರೂ ಎರಡು ಕಂಕುಳಿಗೆ ಕೈ ಕೊಟ್ಟು ಕಾಲು ಗಂಟೆ ತೆಗೆದುಕೊಂಡಿದ್ದೆವು.

ಹಿತ್ತಲು ಅಂದೆನಲ್ಲ, ಅದರ ಗಾತ್ರ ಹೇಳಿಬಿಡುತ್ತೇನೆ. ಹತ್ತಡಿ ಅಗಲ, ಹದಿನಾರಡಿ ಉದ್ದ. ಹೊರಮಾವಿನಲ್ಲಿ ಈಗ ಅಷ್ಟು ಜಾಗ ಬಿಟ್ಟು ಮನೆ ಕಟ್ಟಿದವರನ್ನು ಹುಚ್ಚರು ಅನ್ನುತ್ತಾರೆ. ಆದರೆ ಆ ಜಾಗ ನಮ್ಮ ಕಣ್ಣಿಗೆ ಬಿದ್ದು ಹತ್ತು ವರ್ಷದ ಮೇಲಾಗಿತ್ತು. ಕೂಲರಿನ ಅಸ್ಥಿಪಂಜರ, ಬಾಡಿಗೆಯವರು ಬಿಟ್ಟು ಹೋದ ಮಂಚದ ಕಾಲು, ತುಕ್ಕು ಹಿಡಿದ ಲೂನಾ ಮೊಪೆಡ್ಡು, ಪೈಪಿನ ತುಂಡು, ಗಟ್ಟಿಯಾಗಿ ಕಲ್ಲಾದ ಸಿಮೆಂಟಿನ ಮೂಟೆ, ಮೂರು ಗ್ರೈಂಡರು, ಒಂದು ಒಡೆದ ಕಮೋಡು. ಅತ್ತೆಯ ಹಿಂಬಾಗಿಲು ತೆರೆಯಬೇಕಾದರೆ ಮೊದಲು ಲೂನಾದ ಅಪ್ಪಣೆ ಬೇಕಾಗಿತ್ತು.

ಅಷ್ಟನ್ನೂ ಕೂಡಿಸಿದವರು ನಮ್ಮ ಯಜಮಾನರೇ. ಅವರು ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಇದ್ದವರು. ಅಲ್ಲಿ ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬರೆಯಬೇಕು. ಪಾಸಿನಲ್ಲಿ ಎರಡು ಜಾತಿ: ಹಿಂತಿರುಗುವುದು, ಹಿಂತಿರುಗದು. ರಿಟೈರ್ ಆದ ಮೇಲೂ ಆ ಪದ್ಧತಿ ಅವರನ್ನು ಬಿಡಲಿಲ್ಲ. ಮನೆಯಿಂದ ಸಾಮಾನು ಹೊರಗೆ ಹೋಗಲಿಕ್ಕೆ ಕೊನೆಗೂ ಒಪ್ಪಿದಾಗ, ಕೆ.ಆರ್. ಪುರದ ಮಾರ್ಕೆಟ್ಟಿನಿಂದ ಕಾರ್ಬನ್ ಹಾಳೆಯ ಬಿಲ್ ಬುಕ್ಕೊಂದನ್ನು ತಂದು, ಗೆರೆ ಹೊಡೆದು, ಮೂರು ಸಹಿಯ ಜಾಗ ಮಾಡಿಟ್ಟರು. ಅವರದು, ನನ್ನದು, ಅವರಮ್ಮನದು.

ಗುಜರಿ ಸಾಹೇಬರು ತಲೆ ಚಚ್ಚಿಕೊಂಡರು. "ಸಾರ್, ಕಾಯ್ಕೂ ಇಷ್ಟು ಲಿಖಾಪಡಿ? ನಾನೇನ್ ನಿಮ್ದು ಫ್ಯಾಕ್ಟ್ರಿ ಎತ್ಕೊಂಡು ಹೋಗ್ತಿದೀನಾ?"

"ಪದ್ಧತಿ ಅಂದ್ರೆ ಪದ್ಧತಿ, ಸಾಹೇಬ್ರೆ. ಒಂದೊಂದೇ ತಗೀರಿ. ಐಟಂ ನಂಬರ್ ಒಂದು, ಕೂಲರ್ ಫ್ರೇಮು."

ಅತ್ತೆಗೆ ಸಹಿ ಬರುತ್ತಿರಲಿಲ್ಲ. ನಾನು ನೀಲಿ ಶಾಯಿಯ ಪ್ಯಾಡ್ ಹಿಡಿದು ಅವರ ಹೆಬ್ಬೆರಳು ಒತ್ತಿಸುತ್ತಿದ್ದೆ. ನಾಲ್ಕನೇ ಪಾಸಿಗೆ ಅವರಿಗೆ ಬೇಜಾರು ಬಂತು.

"ಲೋ, ಹೊಲ ಕೊಟ್ಟಾಗ ಒತ್ತಿದ್ದೆ ಕಣೋ ಈ ಹೆಬ್ಬೆಟ್ಟು. ಈಗ ತೂತು ಬಕೀಟಿಗೂ ಒತ್ತಿಸ್ತೀಯಲ್ಲ. ಅದರ ಮರ್ಯಾದೆ ಏನಾಗ್ಬೇಕು?"

ಸಾಹೇಬರು ನಕ್ಕರು, ನಾನೂ ನಕ್ಕೆ. ಅತ್ತೆ ಎರಡು ತಿಂಗಳಲ್ಲಿ ಆಡಿದ ಮೊದಲ ತಮಾಷೆ ಅದು.

ಎರಡು ತಿಂಗಳ ಹಿಂದೆ, ಆಷಾಢದಲ್ಲಿ, ಅವರು ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು. ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ಆದರೆ ಅತ್ತೆ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮಲಗಿಯೇ ಇದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ ನನ್ನನ್ನು ಅಡಿಗೆಮನೆಗೆ ಕರೆದು, "ಆಂಟಿ, ಮೂಳೆದೇನೂ ತೊಂದ್ರೆ ಇಲ್ಲ. ಆದ್ರೆ ಅಜ್ಜಿ ಈ ವರ್ಷ ಕಳೆಯೋದ್ರೊಳಗೆ ದಿನಾ ಎದ್ದು ಓಡಾಡ್ಲಿಲ್ಲ ಅಂದ್ರೆ ಕಾಲಲ್ಲಿ ಶಕ್ತಿನೇ ಉಳಿಯಲ್ಲ. ಆಮೇಲೆ ಏಳ್ಬೇಕು ಅಂತ ಆಸೆ ಬಂದ್ರೂ ಆಗಲ್ಲ" ಅಂದಳು. ಮಲಗಿದವರ ಎದೆಗೆ ನೀರು ಸೇರುತ್ತದೆ, ಬೆನ್ನು ಹುಣ್ಣಾಗುತ್ತದೆ ಅಂತಲೂ ಹೇಳಿದಳು. ಆಮೇಲಿನದನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಹೋಗಿ ಮಂಚದ ಅಂಚಿಗೆ ಕೂತೆ. "ಅತ್ತೆ, ಏಳಿ, ಎರಡು ಹೆಜ್ಜೆ."

"ಎದ್ದು?"

"ಹಾಲಿನವರೆಗೆ ಹೋಗಿ ಬರೋಣ."

"ಹೋಗಿ? ಟೀವಿ ನೋಡಿ ಬರೋದಾ? ಎದ್ದು ಮಾಡಕ್ಕೆ ನಂಗೇನ್ ಕೆಲ್ಸ ಐತೆ ಕಣಮ್ಮ ಈ ಮನೇಲಿ?" ಆಮೇಲೆ ಗೋಡೆಗೇ ಹೇಳಿದರು, "ಒಂದು ಮಡಿ ಸೊಪ್ಪಿದ್ದಿದ್ರೆ ಕಳೆ ಕೀಳಕ್ಕಾದ್ರೂ ಏಳ್ತಿದ್ದೆ."

ಈ ಮಾತಿನ ಭಾರ ಗೊತ್ತಾಗಬೇಕಾದರೆ ಅತ್ತೆಯ ಕಾಲುಗಳು ಏನು ಮಾಡಿಕೊಂಡು ಬಂದಿದ್ದವು ಅನ್ನುವುದು ಗೊತ್ತಿರಬೇಕು. ನಾನು ಇಂದಿರಾನಗರದ ಕಡೆ ವಿಮಾ ನೌಕರರ ಕಾಲೋನಿಯಲ್ಲಿ ಬೆಳೆದವಳು. ನಮ್ಮಪ್ಪನ ಮನೆಯಲ್ಲಿ ಮಣ್ಣು ಅಂದರೆ ತುಳಸಿ ಕುಂಡದಲ್ಲಿ ಇರುವುದು. ಮದುವೆಯಾಗಿ ಹೊರಮಾವಿಗೆ ಬಂದಾಗ ಇವರ ಹೊಲ ಇನ್ನೂ ಇತ್ತು. ಎರಡೂವರೆ ಎಕರೆ, ಕೆರೆಯ ಕೆಳಗೆ. ದಂಟು, ಹರಿವೆ, ಸಬ್ಬಸಿಗೆ, ಮೆಂತ್ಯ. ಸಂಜೆ ಕಿತ್ತು, ತೊಳೆದು, ಬಾಳೆ ನಾರಿನಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿಟ್ಟು, ಬೆಳಕು ಹರಿಯುವ ಮುಂಚೆ ಅತ್ತೆ ಟೆಂಪೋ ಹತ್ತಿ ರಸೆಲ್ ಮಾರುಕಟ್ಟೆಗೆ ಹೊರಟುಬಿಡುತ್ತಿದ್ದರು. ಗಡಿಯಾರದ ಮುಂದಿನ ಮೆಟ್ಟಿಲ ಪಕ್ಕ ಅವರ ಜಾಗ. ತಮಿಳಿನಲ್ಲಿ ಜಗಳ, ಉರ್ದುವಿನಲ್ಲಿ ಚೌಕಾಸಿ, ಲೆಕ್ಕ ಮಾತ್ರ ಕನ್ನಡದಲ್ಲಿ. ಹನ್ನೊಂದಕ್ಕೆ ಬುಟ್ಟಿ ಖಾಲಿ ಮಾಡಿ ಬಂದು ಮತ್ತೆ ಮಡಿಯಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ನನಗೆ ಕನ್ನಡ ಕಲಿಸಿದವರು ಸ್ಕೂಲಿನ ಮೇಡಂಗಳಲ್ಲ, ನಮ್ಮಜ್ಜಿ ಮತ್ತೆ ಈ ಅತ್ತೆ. ಅಜ್ಜಿ ಕಥೆ ಹೇಳಿ ಕಲಿಸಿದಳು, ಅತ್ತೆ ಬೈದು ಕಲಿಸಿದರು.

ಹೊಲ ಒಂದೇ ಸಲ ಹೋಗಲಿಲ್ಲ. ರಸ್ತೆಗೆ ಸ್ವಲ್ಪ, ನಾದಿನಿಯರ ಮದುವೆಗೆ ಸ್ವಲ್ಪ, ಈ ಮನೆ ಕಟ್ಟಲು ಸ್ವಲ್ಪ. ಕೊನೆಯ ಒಂದು ಎಕರೆ ಕೊಟ್ಟು ಹದಿನೈದು ವರ್ಷದ ಮೇಲಾಗಿತ್ತು. ಅದು ಮೂರು ಕೈ ಬದಲಾಗಿ, ತಗಡಿನ ಬೇಲಿಯೊಳಗೆ ಪಾಳು ಬಿದ್ದಿತ್ತು. ನಮ್ಮ ಮನೆಯಲ್ಲಿ ಯಾರೂ ಹಸಿದಿರಲಿಲ್ಲ, ಸಾಲ ಇರಲಿಲ್ಲ. ಮೇಲಿನ ಎರಡು ಮಹಡಿಯಿಂದ ಬಾಡಿಗೆ ಬರುತ್ತಿತ್ತು. ಅತ್ತೆಗೆ ಕೆಲಸ ಇರಲಿಲ್ಲ, ಅಷ್ಟೇ. ಅದು ನಮಗೆ ಸುಖ ಅಂತ ಕಂಡಿತ್ತು.

ಆ ರಾತ್ರಿಯ ಊಟದಲ್ಲೇ ತೀರ್ಮಾನವಾಯಿತು: ಹಿತ್ತಲು ಖಾಲಿ ಮಾಡಿ ಅತ್ತೆಯ ಬಾಗಿಲಿನ ಎದುರಿಗೇ ಸೊಪ್ಪಿನ ಮಡಿ ಮಾಡುವುದು. ಸಿಮೆಂಟು ನೆಲದ ಮೇಲೆಯೇ ಮೊಣಕಾಲೆತ್ತರ ಇಟ್ಟಿಗೆ ಕಟ್ಟೆ, ಒಳಗೆ ಮಣ್ಣು. ಕುರ್ಚಿಯಲ್ಲಿ ಕೂತು ಕಳೆ ಕೀಳಬಹುದು. ದಿನಕ್ಕೆ ಏಳು ಹೆಜ್ಜೆ ಹೋಗುವುದು, ಏಳು ಹೆಜ್ಜೆ ಬರುವುದು.

ಯಜಮಾನರು ತಟ್ಟೆಯ ಪಕ್ಕದಲ್ಲೇ ಬಜೆಟ್ ಬರೆದರು. ಅವರ ಷರತ್ತು ಒಂದೇ: ಬ್ಯಾಂಕಿನ ಡೆಪಾಸಿಟ್ ಮುಟ್ಟಬಾರದು. ಅದು ಅಮ್ಮನ ಆಸ್ಪತ್ರೆಯ ದುಡ್ಡು, ಅರ್ಧ ಆಗಲೇ ಸೊಂಟಕ್ಕೆ ಹೋಗಿದೆ. ತೋಟ ಆಗಬೇಕಾದ್ದು ಗುಜರಿಯ ದುಡ್ಡಿನಲ್ಲಿ, ಮತ್ತೆ ಮನೆ ಖರ್ಚಿನಲ್ಲಿ ಉಳಿಸಿದ್ದರಲ್ಲಿ. ಭಾನುವಾರದ ಹೋಟೆಲ್ ದೋಸೆ ಬಂದ್. ಎರಡು ಪೇಪರಿನಲ್ಲಿ ಒಂದು ಬಂದ್. ಫೋನಿನಲ್ಲಿ ತರಕಾರಿ ತರಿಸುವುದು ಬಂದ್, ನಾನು ಕೆ.ಆರ್. ಪುರದ ಸಂತೆಗೆ ಬಸ್ಸಿನಲ್ಲಿ ಹೋಗುವುದು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಹುರುಪು ಬಂತು. ಮನೆಯಲ್ಲಿ ಒಂದು ಕೆಲಸ ಹುಟ್ಟಿತಲ್ಲ ಅಂತ.

ಇನ್ನು ಗುಜರಿಯ ದಿನಕ್ಕೆ ಬರುತ್ತೇನೆ. ಹೆಬ್ಬೆಟ್ಟಿನ ತಮಾಷೆ ಆದ ಮೇಲೆ ಅತ್ತೆಗೆ ಸ್ವಲ್ಪ ಗೆಲುವು ಬಂತು.

"ಸಾಬ್ರೆ, ನಿಮ್ದು ಅಂಗಡಿ ಎಲ್ಲಿ?"

"ರಸೆಲ್ ಮಾರ್ಕೆಟ್ ಹಿಂದೇನೇ, ಅಮ್ಮಾ."

"ಗಡಿಯಾರದ ಮುಂದೆ ಸೊಪ್ಪಿನವ್ರು ಇನ್ನೂ ಕೂರ್ತಾರಾ?"

"ಕೂರ್ತಾರಲ್ಲ. ಪೊಲೀಸ್ ಬಂದ್ರೆ ಏಳ್ತಾರೆ, ಹೋದ್ರೆ ಕೂರ್ತಾರೆ."

"ನಮ್ ಕಾಲದಲ್ಲೂ ಅದೇ. ದಂಟು ಕಟ್ಟು ಏನ್ ರೇಟು?"

"ಮೂವತ್ತು, ಅಮ್ಮಾ."

"ಬುಟ್ಟಿಗಾ?"

"ಬುಟ್ಟಿಗೆ ಕೇಳ್ತೀರಲ್ಲ! ಒಂದು ಕಟ್ಟಿಗೆ!"

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಅದೇ ನಗುವಿನಲ್ಲಿ ಅವರ ಕಣ್ಣು ಲೂನಾದ ಹಿಂದೆ ಗೋಣಿ ಸುತ್ತಿ ಇಟ್ಟಿದ್ದ ಒಂದು ಆಕಾರದ ಮೇಲೆ ಬಿತ್ತು. ಸಾಹೇಬರು ಗೋಣಿ ಎಳೆದರು. ತಾಮ್ರದ ಹಂಡೆ. ಅತ್ತೆಯ ತವರಿನದು. ನೀರೊಲೆ ಹೋಗಿ ಗೀಸರು ಬಂದಾಗ ಹಿತ್ತಲು ಸೇರಿದ್ದು, ಮೈಯೆಲ್ಲ ಹಸಿರು ಕಿಲುಬು. ಸಾಹೇಬರು ಬೆರಳಿನ ಗೆಣ್ಣಿನಿಂದ ತಟ್ಟಿದರು. ಠಣ್ ಅಂತು. ಅವರ ಮುಖದಲ್ಲಿ ಬೆಳಗಿನಿಂದ ಇಲ್ಲದ ಕಳೆ ಬಂತು.

"ಅಸಲಿ ಮಾಲು. ಹನ್ನೊಂದು ಕೇಜಿ ಮೇಲೆ ಬರ್ತದೆ. ಇದಕ್ಕೆ ಒಳ್ಳೆ ದುಡ್ಡು ಕೊಡ್ತೀನಿ ಸಾರ್." ಹೇಳಿದ ದುಡ್ಡು, ಅಲ್ಲಿ ಬಿದ್ದಿದ್ದ ಉಳಿದೆಲ್ಲ ಸಾಮಾನಿನ ದುಡ್ಡಿಗೆ ಹೆಚ್ಚುಕಮ್ಮಿ ಸಮ.

"ಅದು ಹೊರಗೆ ಹೋಗಲ್ಲ" ಅಂದರು ಯಜಮಾನರು.

"ಕೊಡೋ" ಅಂದರು ಅತ್ತೆ. "ಗೀಸರ್ ಇರೋ ಮನೇಲಿ ಹಂಡೆ ಯಾಕೆ?"

"ಅಮ್ಮಾ, ನಿನ್ನ ತವರಿನ ಹಂಡೆ."

"ನಂದು ಅಂದ್ಮೇಲೆ ನಾನಲ್ವಾ ಹೇಳ್ಬೇಕಾದ್ದು? ಅದ್ರ ದುಡ್ಡಲ್ಲಿ ಎರಡು ಲೋಡ್ ಗೊಬ್ಬರ ಬರ್ತೈತೆ. ಹೆಬ್ಬೆಟ್ಟು ಒತ್ತಿಸ್ಕೋ, ಬಾ."

ಯಜಮಾನರು ನನ್ನ ಮುಖ ನೋಡಿದರು. ಈಗ ನಾನು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾನು ಅತ್ತೆಯ ಪರ ನಿಲ್ಲಲಿಲ್ಲ. ಆ ಹಂಡೆಯ ಮೇಲೆ ನನಗೆ ಆಸೆ ಹುಟ್ಟಿತ್ತು. ಇಂದಿರಾನಗರದಲ್ಲಿ ನನ್ನ ಹಳೆಯ ಗೆಳತಿಯ ಮನೆಯಲ್ಲಿ ಇಂಥದ್ದೇ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಹಾಲಿನ ಮೂಲೆಯಲ್ಲಿ ಇಟ್ಟು, ಮೇಲೊಂದು ದೀಪ ಬಿಟ್ಟಿದ್ದರು. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಇರ್ಲಿ ಬಿಡಿ ಅತ್ತೆ, ಹಿರಿಯರ ವಸ್ತು" ಅಂದೆ. ಹಿರಿಯರು ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು.

ಅತ್ತೆ ಶಾಯಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಸಾಹೇಬರು ಫೋನಿನಲ್ಲಿ ದುಡ್ಡು ಹಾಕಿ, ಹನ್ನೆರಡು ಗೇಟ್ ಪಾಸುಗಳ ನಕಲು ಜೇಬಿಗೆ ತುರುಕಿಕೊಂಡು, ಗಾಡಿ ನೂಕಿಕೊಂಡು ಹೋದರು. ಹಂಡೆ ಉಳಿಯಿತು. ಮೂರು ದಿನ ಉಜ್ಜಿ ನಾನು ಅದನ್ನು ಹಾಲಿನ ಮೂಲೆಗೆ ಇಟ್ಟು, ಮೇಲೊಂದು ದೀಪವನ್ನೂ ಇಟ್ಟೆ. ಅಂಗೈ ಸಿಪ್ಪೆ ಎದ್ದಿತ್ತು. ಹಂಡೆ ಚೆನ್ನಾಗಿಯೇ ಕಂಡಿತು.

ಬಂದ ದುಡ್ಡು ಇಟ್ಟಿಗೆಗೆ, ಗಾರೆಯವನ ಕೂಲಿಗೆ, ನೆರಳಿನ ಬಲೆಗೆ ಆಯಿತು. ಮಣ್ಣು ಗೊಬ್ಬರಕ್ಕೆ ಉಳಿದದ್ದು ಅಷ್ಟಕ್ಕಷ್ಟೇ. ತಾರಸಿ ತೋಟ ಮಾಡಿಸಿಕೊಡುವ ಒಬ್ಬಳನ್ನು ಕರೆಸಿದ್ದೆವು. ಪಾಪ, ಒಳ್ಳೆಯ ಹುಡುಗಿ. ಟೇಪು ಹಿಡಿದು ಅಳೆದು, ತೆಂಗಿನ ನಾರಿನ ಪುಡಿ ಇಷ್ಟು ಮೂಟೆ, ಎರೆಗೊಬ್ಬರ ಇಷ್ಟು ಮೂಟೆ, ಹದ ಮಾಡಿದ ಕೆಂಪು ಮಣ್ಣು ಇಷ್ಟು ಮೂಟೆ ಅಂತ ಬರೆದುಕೊಟ್ಟಳು. ನಮ್ಮ ಮೂರು ತಿಂಗಳ ದಿನಸಿಯಷ್ಟಾಯಿತು. ಅವಳು ಗೇಟು ದಾಟುವವರೆಗೆ ತಡೆದುಕೊಂಡಿದ್ದ ಯಜಮಾನರು ಆಮೇಲೆ ಕಿಡಿಯಾದರು.

"ಎಕರೆಗಟ್ಲೆ ಮಣ್ಣು ಕೊಟ್ಟವ್ರು ನಾವು. ನಮ್ಗೆ ಕೇಜಿ ಲೆಕ್ಕದಲ್ಲಿ ಮಣ್ಣು ಮಾರಕ್ಕೆ ಬರ್ತಾಳೆ! ಮಣ್ಣು ಏನು ಅಂತ ನಮ್ಗೆ ಹೇಳ್ಕೊಡ್ತಾಳಾ?"

ಆ ವಾರವೇ ಅವರ ಹೆಮ್ಮೆಗೆ ಸರಿಯಾಗಿ ಒಂದು ಘಟನೆ ನಡೆಯಿತು. ಪಾಳು ಬಿದ್ದಿದ್ದ ನಮ್ಮ ಕೊನೆಯ ಎಕರೆಯಲ್ಲಿ ಅಪಾರ್ಟ್‌ಮೆಂಟ್ ಕೆಲಸ ಶುರುವಾಯಿತು. ಕಾರು ನಿಲ್ಲಿಸುವ ನೆಲಮಾಳಿಗೆಗೆ ಹಗಲೂ ರಾತ್ರಿ ಅಗೆತ. ಲಾರಿಗಳು ಮಣ್ಣು ತುಂಬಿಕೊಂಡು ನಮ್ಮ ಬೀದಿಯಲ್ಲೇ ಹೋಗುತ್ತಿದ್ದವು. ಯಜಮಾನರು ಒಬ್ಬ ಡ್ರೈವರನ್ನು ನಿಲ್ಲಿಸಿ ಮಾತಾಡಿದರು. ಡೀಸೆಲ್ಲಿನ ದುಡ್ಡು ಕೊಟ್ಟರೆ ಸಾಕು, ಅರ್ಧ ಲೋಡು ಸುರಿದು ಹೋಗುತ್ತೇನೆ ಅಂದ.

ಅವರು ಮನೆಯೊಳಗೆ ಓಡಿ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅರವತ್ತೆರಡು ವರ್ಷದ ಮನುಷ್ಯ, ಸ್ಕೂಲು ಬಿಟ್ಟ ಮಗುವಿನ ಹಾಗೆ ಚಪ್ಪಲಿಯನ್ನೂ ಬಿಡದೆ ಅಮ್ಮನ ಮಂಚದ ಹತ್ತಿರ ಹೋಗಿ, "ಅಮ್ಮಾ, ನಮ್ಮ ಹೊಲಾನೇ ವಾಪಸ್ ಬರ್ತಾ ಐತೆ ಕಣಮ್ಮಾ, ನಿನ್ನ ಬಾಗ್ಲಿಗೆ!" ಅಂದರು. ಅತ್ತೆ ಗೋಡೆಯಿಂದ ಈಚೆ ಹೊರಳಿದರು.

ಮಣ್ಣನ್ನು ಬಾಂಡಲಿಯಲ್ಲಿ ಹೊತ್ತು ಕಟ್ಟೆಗೆ ತುಂಬಿದವರು ನಾವಿಬ್ಬರೇ, ಕೂಲಿ ಉಳಿಯಲಿ ಅಂತ. ನನ್ನ ಬೆನ್ನು ಎರಡು ದಿನ ನೆಟ್ಟಗಾಗಲಿಲ್ಲ. ಒಳ್ಳೆಯ ಕೆಂಪು ಬಣ್ಣ, ನಡುನಡುವೆ ಬಿಳಿ ಮಿನುಗು. ಉಳಿದ ಚೂರುಪಾರು ದುಡ್ಡಿನಲ್ಲಿ ಎರಡು ಮೂಟೆ ಗೊಬ್ಬರ ಮೇಲೆ ಚೆಲ್ಲಿದೆವು. ಮಹಾಲಯ ಅಮಾವಾಸ್ಯೆ ಕಳೆದು ಮೂರನೇ ದಿನ ಬೆಳಿಗ್ಗೆ ಅತ್ತೆ ವಾಕರ್ ಹಿಡಿದು ತಾವೇ ಎದ್ದರು. ನಾನು ಕೈ ಚಾಚಿದೆ. "ಬಿಡು, ಬರ್ತೀನಿ" ಅಂದರು. ಏಳು ಹೆಜ್ಜೆ. ನಾನು ಎಣಿಸಿದೆ.

ಕುರ್ಚಿಯಲ್ಲಿ ಕೂತು ಅವರು ಕಟ್ಟೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಹಿಸುಕಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ, ನಾವು ಉಪ್ಪು ನೋಡುವ ಹಾಗೆ, ನಾಲಿಗೆಯ ತುದಿಗೆ ಚೂರು ಮುಟ್ಟಿಸಿಕೊಂಡರು. ತಲೆಯೆತ್ತಿ ಮಗನ ಮುಖ ನೋಡಿದರು. ಯಜಮಾನರು ಕೆಂಪು ಮಣ್ಣು ಮೆತ್ತಿದ ಬನಿಯನ್ನಿನಲ್ಲಿ ಸೊಂಟಕ್ಕೆ ಕೈ ಕೊಟ್ಟು, ಪಟ್ಟ ಕಟ್ಟಿಸಿಕೊಂಡವರ ಹಾಗೆ ನಿಂತಿದ್ದರು.

"ಹೆಂಗೈತಮ್ಮಾ, ನಮ್ಮ ಮಣ್ಣು?"

"ಆಗ್ಲಿ, ಬೀಜ ಕೊಡು" ಅಂದರು ಅತ್ತೆ.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಅದನ್ನು ಒಣ ಮರಳಿಗೆ ಬೆರೆಸಿ, ಮುಷ್ಟಿಯಲ್ಲಿ ಹಿಡಿದು, ಮಣಿಕಟ್ಟನ್ನು ಒಂದೇ ಸಲ ತಿರುವಿ ಎರಚಿದರು. ಆ ಕೈಯನ್ನು ನಾನು ಹದಿನೈದು ವರ್ಷದಿಂದ ನೋಡಿರಲಿಲ್ಲ. ಒಂದು ಕಡೆ ದಟ್ಟ, ಒಂದು ಕಡೆ ತೆಳು ಅಂತ ಇಲ್ಲ. ಮೇಲೆ ಬೆರಳಾಡಿಸಿ, ಗೋಣಿ ಮುಚ್ಚಿಸಿ, "ದಿನಕ್ಕೆರಡು ಸಲ ಚಿಮುಕಿಸ್ಬೇಕು, ಸುರೀಬಾರ್ದು" ಅಂದರು. ಮತ್ತೆ ಏಳು ಹೆಜ್ಜೆ ನಡೆದು ಹೋಗಿ ಮಲಗಿದರು.

ಐದನೇ ದಿನ ಮೊಳಕೆ ಬಂತು. ಕೆಂಪು ದಾರದಂಥ ಕಾಂಡ, ಎರಡೆರಡು ಎಲೆ. ಯಜಮಾನರು ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಅತ್ತೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಕೂರುತ್ತಿದ್ದರು. ವ್ಯಾಯಾಮದ ಹುಡುಗಿ ಅವರ ತೊಡೆ ಹಿಡಿದು ನೋಡಿ, "ಸೂಪರ್ ಅಜ್ಜಿ!" ಅಂದಳು. ನಾನು ಆ ದಿನಗಳಲ್ಲಿ ಅಡಿಗೆ ಮಾಡುತ್ತಾ ಹಾಡಿಕೊಳ್ಳುತ್ತಿದ್ದೆ ಅಂತ ಮೇಲಿನ ಮನೆಯವಳು ಆಮೇಲೆ ಹೇಳಿದಳು.

ಹತ್ತನೇ ದಿನವೂ ಎರಡೇ ಎಲೆ. ಹದಿನೈದನೇ ದಿನವೂ ಎರಡೇ. ಎಲೆಯ ಅಂಚು ಹಳದಿಗೆ ತಿರುಗಿತು. ನೀರು ಹಾಕಿದರೆ ಮಣ್ಣು ಕೆನೆಗಟ್ಟಿ ನಿಲ್ಲುತ್ತಿತ್ತು, ಒಣಗಿದರೆ ಗಾರೆಯ ಹಾಗೆ ಬಿರಿಯುತ್ತಿತ್ತು. ಯಜಮಾನರು ಬೀಜ ಸರಿಯಿಲ್ಲ ಅಂದರು, ನೆರಳಿನ ಬಲೆ ಬಿಗಿಯಾಯಿತು ಅಂದರು, ಬೋರಿನ ನೀರು ಉಪ್ಪು ಅಂದರು. ಬಲೆ ಬಿಚ್ಚಿದರು, ಮತ್ತೆ ಕಟ್ಟಿದರು. ದೀಪಾವಳಿಗೆ ಮೂರು ದಿನ ಮುಂಚೆ ಅತ್ತೆ ಬಾಗಿಲಿಗೆ ಬಂದು, ಕುರ್ಚಿಯಲ್ಲಿ ಕೂರದೆ, ವಾಕರ್ ಹಿಡಿದು ನಿಂತೇ ನೋಡಿ ಒಳಗೆ ಹೋದರು. ಮಾರನೇ ದಿನ ಏಳಲಿಲ್ಲ.

ನಾನು ಗಂಜಿ ಕುಡಿಸಲು ಹೋದಾಗ ಕೇಳಿದೆ. ಯಜಮಾನರು ಮನೆಯಲ್ಲಿರಲಿಲ್ಲ.

"ಅತ್ತೆ, ಏನಾಗಿದೆ ಆ ಮಣ್ಣಿಗೆ? ನಿಮ್ಗೆ ಗೊತ್ತು, ಹೇಳಿ."

"ಏನೂ ಆಗಿಲ್ಲ. ಅದಿನ್ನೂ ಮಣ್ಣೇ ಆಗಿಲ್ಲ."

"ಅಂದ್ರೆ?"

"ಮೂವತ್ತಡಿ ಕೆಳಗಿಂದು ಕಣಮ್ಮ. ಬಿಸ್ಲು ಕಂಡಿಲ್ಲ, ಮಳೆ ಕಂಡಿಲ್ಲ, ಒಂದು ಹುಳ ಕಂಡಿಲ್ಲ. ನಮ್ಮ ಹೊಲ ಇದ್ದಿದ್ದು ಮೇಲಿನ ಒಂದಡಿ. ನಮ್ಮತ್ತೆ ಹಾಕಿದ ಗೊಬ್ಬರ, ನಾನು ಹಾಕಿದ ಗೊಬ್ಬರ. ಅದನ್ನ ಜೇಸಿಬಿ ಮೊದಲ್ನೇ ದಿನಾನೇ ಕೆರ್ದು ಎಲ್ಲೋ ಹಾಕಿರ್ತೈತೆ."

"ಮೊದಲ್ನೇ ದಿನಾನೇ ಗೊತ್ತಾಗಿತ್ತಾ ನಿಮ್ಗೆ?"

"ನಾಲ್ಗೆಗೆ ಇಟ್ಕೊಂಡಾಗ್ಲೇ. ಕಲ್ಲು ನೆಕ್ಕಿದಂಗಿತ್ತು."

"ಹೇಳ್ಬಾರ್ದಿತ್ತಾ ಅತ್ತೆ?"

ಅವರು ಗಂಜಿಯ ಲೋಟವನ್ನು ನನ್ನ ಕೈಗೆ ಕೊಟ್ಟರು. "ಅವ್ನು ಹೊಲ ವಾಪಸ್ ಬಂತು ಅಂತ ಕುಣೀತಿದ್ದ. ಬ್ಯಾಡ ಅಂತ ಹೆಂಗನ್ಲಿ? ಗೊಬ್ಬರ ಸರಿಯಾಗಿ ಬಿದ್ದಿದ್ರೆ ಬಂದ್ರೂ ಬಂದೀತು ಅನ್ಕೊಂಡೆ. ಎರಡು ಲೋಡ್ ಬೇಕಿತ್ತು. ಎರಡು ಮೂಟೆ ಹಾಕಿದ್ರಿ."

ನಾನು ಲೋಟ ಹಿಡಿದುಕೊಂಡು ಹಾಲಿಗೆ ಬಂದೆ. ಮೂಲೆಯಲ್ಲಿ ಹಂಡೆ ಹೊಳೆಯುತ್ತಿತ್ತು.

ಆ ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಹಂಡೆ ಕೊಟ್ಟುಬಿಡೋಣ, ಅಮ್ಮನೇ ಹೇಳಿದ್ದರಲ್ಲ, ಗೊಬ್ಬರ ತರೋಣ ಅಂದೆ. ಮಣ್ಣು ಗುರುತಿಸಲಾರದೆ ಹೋದೆನಲ್ಲ ಅನ್ನುವುದು ಅವರಿಗೆ ತಡೆಯಲಾರದ ಪೆಟ್ಟಾಗಿತ್ತು. ಪೆಟ್ಟು ತಿಂದವರು ಮೆತ್ತಗಾಗುತ್ತಾರೆ ಅಂದುಕೊಂಡಿದ್ದೆ. ಅವರು ಗಟ್ಟಿಯಾದರು. "ಅಮ್ಮನ ತವರಿನದು ಅಂತ ಮನೇಲಿ ಉಳಿದಿರೋದು ಅದೊಂದೇ. ಹೊಲಾನೂ ಕೊಟ್ಟೆ, ಅದನ್ನೂ ಕೊಡ್ಲಾ? ಜನವರಿ ಬರ್ಲಿ, ಮೇಲಿನ ಮನೆ ಬಾಡಿಗೆ ಏರಿಸ್ತೀವಲ್ಲ, ಆ ದುಡ್ಡಲ್ಲಿ ತರೋಣ." ನಾನು ಜಗಳ ಆಡಬಹುದಿತ್ತು. ಡೆಪಾಸಿಟ್ಟಿನಲ್ಲಿ ಇಪ್ಪತ್ತು ಸಾವಿರ ಮುರಿದರೆ ಯಾವ ಆಸ್ಪತ್ರೆಯೂ ಮುಳುಗುತ್ತಿರಲಿಲ್ಲ. ತಿಂಗಳುಗಟ್ಟಲೆ ಒಂದೊಂದು ರೂಪಾಯಿ ಉಳಿಸಿ ಉಳಿಸಿ, ಉಳಿಸುವುದೇ ಒಂದು ಪುಣ್ಯದ ಕೆಲಸ ಅನ್ನಿಸಿಬಿಟ್ಟಿತ್ತು ನನಗೂ. ಜನವರಿ ಅಂದರೆ ಎರಡೇ ತಿಂಗಳು ಅಂದುಕೊಂಡೆ. ವ್ಯಾಯಾಮದ ಹುಡುಗಿಯ ಮಾತು ನೆನಪಿಗೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅತ್ತೆ ಒಂದೇ ಒಂದು ದಾರಿ ಹೇಳಿದ್ದರು. ಹುರುಳಿ ಎರಚಿ, ಹೂವು ಬರುವ ಮುಂಚೆ ಅಲ್ಲೇ ಮಣ್ಣಿಗೆ ಮಗುಚಿ ಕೊಳೆಯಲು ಬಿಡುವುದು. ಹಾಗೆ ಎರಡು ಸಲ, ಮೂರು ಸಲ ಮಾಡಿದರೆ ಕಲ್ಲೂ ಮಣ್ಣಾಗುತ್ತದೆ. ಡಬ್ಬಿಯಲ್ಲಿದ್ದ ಸಾರಿನ ಹುರುಳಿಯನ್ನೇ ಕಾರ್ತಿಕದಲ್ಲಿ ಎರಚಿದೆ. ಅದು ಬಡವರ ಮಕ್ಕಳ ಹಾಗೆ ಸಿಕ್ಕಿದ್ದರಲ್ಲೇ ಎದ್ದು ಬಂತು. "ಅತ್ತೆ, ಹುರುಳಿ ಬಂದಿದೆ, ಬಂದು ನೋಡಿ" ಅಂತ ದಿನಾ ಹೇಳಿದೆ.

"ನೋಡಕ್ಕೇನೈತೆ, ಹುರುಳಿ ಎಲ್ಲಾದ್ರೂ ಬರ್ತೈತೆ" ಅನ್ನುತ್ತಿದ್ದರು.

ಮಾರ್ಗಶಿರದ ಚಳಿಯಲ್ಲಿ ಒಂದು ಬೆಳಿಗ್ಗೆ ಅವರೇ ನನ್ನನ್ನು ಕರೆದರು. ದೊಡ್ಡ ವಿಷಯ ಅಂತ ಓಡಿದೆ. "ಎಬ್ಬಿಸು, ನೋಡ್ಬೇಕು" ಅಂದರು. ನಾನು ಕೂಗಿದೆ, ಯಜಮಾನರು ಬಂದರು. ಇಬ್ಬರೂ ಹಿಡಿದು ನಿಲ್ಲಿಸಿದೆವು. ಮೊಣಕಾಲು ಬಟ್ಟೆಯ ಹಾಗೆ ಮಡಚಿಕೊಂಡಿತು. ಮತ್ತೊಮ್ಮೆ ನಿಲ್ಲಿಸಿದೆವು, ಮತ್ತೊಮ್ಮೆ ಮಡಚಿತು. ಹುಡುಗಿ ಹೇಳಿದ್ದ ಹಾಗೇ ಆಗಿತ್ತು, ಆಸೆ ಬಂದಾಗ ಕಾಲು ಇರಲಿಲ್ಲ. ಅತ್ತೆ ಮಂಚದ ಮೇಲೆ ಕೂತು ತಮ್ಮ ಕಾಲನ್ನೇ, ಸಾಲ ತೆಗೆದುಕೊಂಡು ಹೋದ ನೆಂಟನನ್ನು ನೋಡುವ ಹಾಗೆ ನೋಡಿದರು. "ಸರಿ, ಮಲಗ್ಸಿ" ಅಂದರು. ಯಜಮಾನರು ಹಿತ್ತಲಿಗೆ ಹೋಗಿ ಹುರುಳಿಯ ಮುಂದೆ ನಿಂತುಕೊಂಡರು. ನಾನು ಕರೆಯಲಿಲ್ಲ.

ಮಂಚವನ್ನು ತಿರುಗಿಸಿ ಬಾಗಿಲಿನ ಕಡೆ ಮುಖ ಬರುವ ಹಾಗೆ ಹಾಕಿದೆವು. ಅತ್ತೆ ಗೋಡೆಯ ಕಡೆ ಹೊರಳಿ ಮಲಗುವುದನ್ನು ಬಿಡಲಿಲ್ಲ. ಪುಷ್ಯದಲ್ಲಿ ಎದೆಗೆ ಕಫ ಕಟ್ಟಿತು. ಬಾಡಿಗೆ ಏರಿಸಿದ ತಿಂಗಳಿನ ಮುಂದಿನ ತಿಂಗಳು, ಮಾಘದಲ್ಲಿ, ಒಂದು ಮಧ್ಯಾಹ್ನ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನಾದಿನಿಯರು, ಊರಿನ ಹಳಬರು ಬಂದರು. ಹೆಣದ ಸ್ನಾನಕ್ಕೆ ಗೀಸರಿನ ನೀರು ಆಗದು ಅಂದರು ಒಬ್ಬ ದೊಡ್ಡಮ್ಮ, ಬಯಲಲ್ಲಿ ಒಲೆ ಹೂಡಿ ಕಾಯಿಸಬೇಕು, ದೊಡ್ಡ ಪಾತ್ರೆ ಎಲ್ಲಿ ಅಂತ ಕೇಳಿದರು. ಯಜಮಾನರು ಹಾಲಿಗೆ ಹೋಗಿ, ಹಂಡೆಯ ಮೇಲಿನ ದೀಪ ತೆಗೆದಿಟ್ಟು, ಒಬ್ಬರೇ ಅದನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ಒಲೆಗೆ ಕಲ್ಲು ಬೇಕಿತ್ತು. ಕಟ್ಟೆಯ ಮೂಲೆಯ ಇಟ್ಟಿಗೆಗಳನ್ನೇ ಕಿತ್ತು ಇಟ್ಟರು. ನಾನು ಮೂರು ದಿನ ಉಜ್ಜಿದ ತಾಮ್ರ ಅರ್ಧ ಗಂಟೆಯಲ್ಲಿ ಮಸಿಯಾಯಿತು.

ತಿಥಿ ಕಳೆದ ವಾರ ಅವರು ಶಿವಾಜಿನಗರದ ಸಾಹೇಬರಿಗೆ ಫೋನ್ ಮಾಡಿದರು. ಸಾಹೇಬರು ಬಂದು, ಖಾಲಿ ಕುರ್ಚಿ ನೋಡಿ, ತಲೆಯ ಟೋಪಿ ಸರಿಮಾಡಿಕೊಂಡರು. ಯಜಮಾನರು ಬಿಲ್ ಬುಕ್ಕು ತಂದು ಹದಿಮೂರನೇ ಪಾಸ್ ಬರೆದರು. ತಾಮ್ರದ ಹಂಡೆ, ಒಂದು. ಹಿಂತಿರುಗದು. ಎರಡು ಸಹಿ ಆಯಿತು. ಮೂರನೆಯದರ ಜಾಗ ಹಾಗೇ ಬಿಟ್ಟರು. ಸಾಹೇಬರು ಈ ಸಲ ಲಿಖಾಪಡಿ ಯಾಕೆ ಅನ್ನಲಿಲ್ಲ.

ಆ ದುಡ್ಡಿಗೆ ಎರಡು ಲೋಡು ಗೊಬ್ಬರ ಬಂತು. ಕಾಯಾಗಿ ಒಣಗಿ ನಿಂತಿದ್ದ ಹುರುಳಿಯ ಜೊತೆ ಮಗುಚಿ ಬಿಟ್ಟೆವು. ಜ್ಯೇಷ್ಠದ ಮಳೆಗೆ ದಂಟು ಎರಚಿದೆ, ನನ್ನ ಕೈಯಲ್ಲಿ ಒಂದು ಕಡೆ ದಟ್ಟ, ಒಂದು ಕಡೆ ತೆಳುವಾಗಿಯೇ ಬಿತ್ತು. ತಿಂಗಳಿಗೆ ಮೊಣಕಾಲೆತ್ತರ ಬಂತು. ಒಂದು ಸಂಜೆ ಎರಡು ಕಟ್ಟಿನಷ್ಟು ಕಿತ್ತು, ತೊಳೆದು, ಮಸ್ಸೊಪ್ಪು ಮಾಡಿ ಮುದ್ದೆ ಕಟ್ಟಿದೆ. ಇಬ್ಬರೂ ಅಡಿಗೆಮನೆಯಲ್ಲಿ ಕೂತು ಉಂಡೆವು.